ಕಾಳ್ಗಿಚ್ಚಿನ ಹೊಗೆಗೆ ಹೆಕ್ಟೇರ್ ಲೆಕ್ಕ ಸಾಲದು

ದೊಡ್ಡ ಕಾಳ್ಗಿಚ್ಚು ಎದ್ದಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಹೆಕ್ಟೇರ್ ಸುಟ್ಟಿತು ಎಂದು. ಹೊಗೆಯ ಲೆಕ್ಕ ಹಾಕುವವರಿಗೆ ಬೇಕಾದ ನಾಲ್ಕು ಅಂಕಿಗಳಲ್ಲಿ ಅದು ಒಂದು, ನಾಲ್ಕರಲ್ಲಿ ಸುಲಭವಾಗಿ ಸಿಗುವಂಥದ್ದು. ವಿಜ್ಞಾನಿಗಳಾದ ಸೈಲರ್ ಮತ್ತು ಕ್ರುಟ್ಸನ್ 1980ರಲ್ಲಿ ಕೊಟ್ಟ ಸೂತ್ರವನ್ನೇ ಇಂದಿಗೂ ಬಳಸುತ್ತೇವೆ. ಸುಟ್ಟ ಜಾಗ, ಅಲ್ಲಿದ್ದ ಒಣ ಉರುವಲು, ಅದರಲ್ಲಿ ನಿಜಕ್ಕೂ ಸುಟ್ಟ ಪಾಲು, ಕಿಲೋ ಉರುವಲು ಸುಟ್ಟಾಗ ಹೊರಬೀಳುವ ಮಾಲಿನ್ಯ: ನಾಲ್ಕನ್ನೂ ಗುಣಿಸಬೇಕು.

ಉದಾಹರಣೆಗೆ ಕೆನಡಾದ ಉತ್ತರದ ಕಾಡಿನಲ್ಲಿ 10,000 ಹೆಕ್ಟೇರ್ ಸುಟ್ಟಿದೆ ಎನ್ನಿ. ಇದ್ದ ಉರುವಲನ್ನು ಸುಟ್ಟ ಪಾಲಿನಿಂದ ಗುಣಿಸಿದಾಗ ಹೆಕ್ಟೇರಿಗೆ 30 ಟನ್ ಬೂದಿಯಾಗಿದ್ದರೆ ಒಟ್ಟು 3 ಲಕ್ಷ ಟನ್. ಕಿಲೋಗೆ 18 ಗ್ರಾಂ ಪಿಎಂ 2.5 ಹಿಡಿದರೆ 5,400 ಟನ್ ಸೂಕ್ಷ್ಮ ಕಣ. ನಾಲ್ಕು ಅಂಕಿಗಳಲ್ಲಿ ಪ್ರತಿಯೊಂದರಲ್ಲೂ ಶೇ 30ರಷ್ಟು ಅನಿಶ್ಚಿತತೆ ಇದ್ದರೆ, ಗುಣಿಸಿದ ಮೇಲೆ ಅದು ಸುಮಾರು ಶೇ 60 ಆಗುತ್ತದೆ. ಅಂದರೆ 5,400 ಎಂದು ಒಂದೇ ಅಂಕಿ ಬರೆದುಕೊಡುವುದು ತಪ್ಪು. ಎರಡು ಸಾವಿರ ಚಿಲ್ಲರೆಯಿಂದ ಎಂಟೂವರೆ ಸಾವಿರ ಟನ್‌ವರೆಗೆ ಎಂದೇ ಬರೆಯಬೇಕು.

ಜಾಗದ ಅಂಕಿಯೂ ನಾವಂದುಕೊಂಡಷ್ಟು ಗಟ್ಟಿಯಲ್ಲ. 2023ರ ಕೆನಡಾ ಬೆಂಕಿಗಳಲ್ಲಿ ಮೊದಲು 1.8 ಕೋಟಿ ಹೆಕ್ಟೇರಿಗೂ ಹೆಚ್ಚು ಎಂದಿದ್ದದ್ದು ಗಡಿಗಳನ್ನು ತಿದ್ದಿದ ಮೇಲೆ ಸುಮಾರು 1.5 ಕೋಟಿಗೆ ಇಳಿಯಿತು. ಬೆಂಕಿ ಉರಿಯುತ್ತಿರುವಾಗ ಗುರುತಿಸುವ ಹೊರಗಡಿಯೊಳಗೆ ಕೆರೆ, ಜೌಗು, ಸುಡದೆ ಉಳಿದ ಹಸಿರು ತುಂಡುಗಳೆಲ್ಲ ಸೇರಿಬಿಡುತ್ತವೆ. ಆದರೂ ಈ ತಪ್ಪು ತಿದ್ದಿಕೊಳ್ಳಬಹುದಾದದ್ದು, ಬೆಂಕಿ ಆರಿದ ಮೇಲಿನ ಉಪಗ್ರಹ ಚಿತ್ರವೊಂದು ಸಾಕು.

ಲೆಕ್ಕ ನಿಜವಾಗಿ ಕೈಕೊಡುವುದು ನೆಲದಲ್ಲಿ. ಕೆನಡಾದ ಉತ್ತರದ ಕಾಡುಗಳಲ್ಲಿ ಮರದ ಬುಡಕ್ಕೆ ಪಾಚಿ, ಕೊಳೆತ ಸೂಜಿ ಎಲೆಗಳ ದಪ್ಪ ಹಾಸು ಇರುತ್ತದೆ. ಜ್ವಾಲೆ ಮುಂದೆ ಓಡಿದ ಮೇಲೂ ಈ ಹಾಸು ದಿನಗಟ್ಟಲೆ ಹೊಗೆಯಾಡುತ್ತದೆ. ಜ್ವಾಲೆಗಿಂತ ಹೊಗೆಯಾಡುವ ಬೆಂಕಿಯೇ ಕಿಲೋ ಲೆಕ್ಕದಲ್ಲಿ ಬಹಳ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಮತ್ತು ಕಣಗಳನ್ನು ಉಗುಳುತ್ತದೆ. ಹುಲ್ಲುಗಾವಲಿನ ಬೆಂಕಿಯಿಂದ ಕಿಲೋಗೆ ಸುಮಾರು 65 ಗ್ರಾಂ ಮೊನಾಕ್ಸೈಡ್ ಬಂದರೆ, ಉತ್ತರದ ಕಾಡಿನಿಂದ 120 ಗ್ರಾಂನಷ್ಟು, ಇಂಡೋನೇಷ್ಯಾದಂಥ ಪೀಟ್ (ಅರೆಕೊಳೆತ ಸಸ್ಯ ತುಂಬಿದ ಜೌಗು) ನೆಲದಿಂದ 200ಕ್ಕೂ ಹೆಚ್ಚು. ಹಾಸು ಎಷ್ಟು ಆಳಕ್ಕೆ ಸುಟ್ಟಿತು ಎಂಬುದು ಎಷ್ಟು ಒಣಗಿತ್ತು ಎಂಬುದರ ಮೇಲೆ ನಿಂತಿದೆ. ಅದಕ್ಕೇ ಸರಾಸರಿ ಉರುವಲಿನ ಕೋಷ್ಟಕ ಹಾಕಿ ಕೂರಬೇಡಿ, ಆ ವಾರದ ಬರ ಸೂಚ್ಯಂಕ ನೋಡಿ ಆಳ ಹೊಂದಿಸಿ.

ಇನ್ನೊಂದು ದಾರಿ ಬೆಂಕಿಯ ವಿಕಿರಣ ಶಕ್ತಿ, ಅಂದರೆ ಅದು ಹೊರಸೂಸುವ ಶಾಖ. ಉಪಗ್ರಹ ಅಳೆದ ಪ್ರತಿ ಮೆಗಾಜೂಲ್‌ಗೆ 0.368 ಕಿಲೋ ಉರುವಲು ಸುಟ್ಟಿದೆ ಎಂದು ಹಿಡಿಯುತ್ತೇವೆ. ಉರುವಲಿನ ನಕ್ಷೆಯೇ ಬೇಡ ಎಂಬುದು ಇದರ ದೊಡ್ಡ ಅನುಕೂಲ. ಆದರೆ ಇದನ್ನು ಅಳೆಯುವ ಉಪಗ್ರಹಗಳಲ್ಲಿನ ವಿಯರ್ಸ್ ಉಪಕರಣ ಮೇಲೆ ಹಾದುಹೋಗುವುದು ಸ್ಥಳೀಯ ಸಮಯ ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆ ಆಸುಪಾಸಿನಲ್ಲಿ. ಗಾಳಿ ಎದ್ದು ಸಂಜೆ ನಾಲ್ಕಕ್ಕೆ ಬೆಂಕಿ ಭುಗಿಲೆದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಇನ್ನೂ ಕೆಟ್ಟದ್ದು, ದಟ್ಟ ಹೊಗೆಯನ್ನೇ ತಂತ್ರಾಂಶ ಮೋಡ ಎಂದುಕೊಂಡು ಕೆಳಗಿನ ಬೆಂಕಿಯನ್ನು ಅಳಿಸಿಹಾಕುತ್ತದೆ. ಹೊಗೆ ಅತಿ ಹೆಚ್ಚಿದ್ದ ದಿನವೇ ಕೋಷ್ಟಕದಲ್ಲಿ ಸೊನ್ನೆ! ಅಂಥ ದಿನವನ್ನು 'ಮಾಹಿತಿ ಇಲ್ಲ' ಎಂದು ಗುರುತಿಸಿ, ಹಿಂದು ಮುಂದಿನ ದಿನಗಳಿಂದ ತುಂಬಿಸಬೇಕು. ಸೊನ್ನೆಯನ್ನು ಹಾಗೇ ಬಿಟ್ಟರೆ ಇಡೀ ವಾರದ ಮೊತ್ತ ಹಾಳು.

ಇಷ್ಟೆಲ್ಲ ಮಾಡಿದರೂ ಸಿಗುವುದು ಮೇಲೆದ್ದ ಹೊಗೆ, ಜನ ಉಸಿರಾಡಿದ ಹೊಗೆಯಲ್ಲ. 2023ರ ಜೂನ್ 7ರಂದು ಕ್ವಿಬೆಕ್‌ನ ಹೊಗೆ ನ್ಯೂಯಾರ್ಕಿನ ನೆಲಕ್ಕೇ ಇಳಿದು ಆಕಾಶ ಕಿತ್ತಳೆಯಾಯಿತು. ಹೊಗೆ ಮೂರ್ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಸಾಗಿದರೆ ಸೂರ್ಯ ಮಂಕಾಗಿದ್ದರೂ ಬೀದಿಯ ಗಾಳಿ ಪರವಾಗಿಲ್ಲ. ಉಪಗ್ರಹದ ಮಬ್ಬಿನ ಅಳತೆಗೆ ಎರಡೂ ಒಂದೇ. ಎತ್ತರ ತಿಳಿಯಲು ಲೇಸರ್ ಬೆಳಕಿನಿಂದ ಅಳೆಯುವ ಲೈಡಾರ್ ಅಥವಾ ವಿಮಾನ ನಿಲ್ದಾಣದ ಮೋಡ ಮಾಪಕ ನೋಡಲೇಬೇಕು.

ನೆಲದ ಮಾಪಕಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕಣಗಳನ್ನು ಅಳೆಯುವ, ಬ್ಯಾಮ್ ಎಂದು ಕರೆಯುವ ಬೀಟಾ ಕಿರಣದ ಯಂತ್ರದ ದಾಖಲೆಯಲ್ಲಿ ಗಂಟೆಗಟ್ಟಲೆ ಘನ ಮೀಟರಿಗೆ 985 ಮೈಕ್ರೋಗ್ರಾಂ ಎಂದೇ ಬಂದಿದ್ದರೆ ಅದು ಗಾಳಿಯ ಅಳತೆಯಲ್ಲ, ಯಂತ್ರದ ಮಿತಿ. ಪರ್ಪಲ್‌ಏರ್‌ನಂಥ ಅಗ್ಗದ ಸೆನ್ಸರ್ ಹೊಗೆಯಲ್ಲಿ ಹೆಚ್ಚುಕಮ್ಮಿ ದುಪ್ಪಟ್ಟು ತೋರಿಸುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ಸೂತ್ರದಂತೆ ಅದರ ಅಂಕಿಯನ್ನು 0.52ರಿಂದ ಗುಣಿಸಿ, ಶೇಕಡಾ ಆರ್ದ್ರತೆಯ 0.086 ಪಟ್ಟು ಕಳೆದು, 5.75 ಕೂಡಿಸಬೇಕು. ಆದರೆ ಹೊಗೆ ವಿಪರೀತವಾದಾಗ ಇದೇ ಸೂತ್ರ ಕಡಿಮೆ ಹೇಳುತ್ತದೆ, ಅಲ್ಲಿಗೆ ಬೇರೆ ತಿದ್ದುಪಡಿ ಬೇಕು. ನೇರಳಾತೀತ ಬೆಳಕಿನ ಓಝೋನ್ ಮಾಪಕ ಹೊಗೆಯಲ್ಲಿನ ಸಾವಯವ ಅನಿಲಗಳನ್ನೂ ಓಝೋನ್ ಎಂದೇ ಎಣಿಸಿಬಿಡುತ್ತದೆ, ಆ ದಿನಗಳ ಏರಿಕೆಯನ್ನು ಅನುಮಾನದಿಂದಲೇ ನೋಡಿ.

ಕೊನೆಯ ತಾಳೆಗೆ ನಮ್ಮ ಆಯ್ಕೆ ಉಪಗ್ರಹದಲ್ಲಿರುವ ಟ್ರೋಪೋಮಿ ಉಪಕರಣದ ಮೊನಾಕ್ಸೈಡ್ ಅಳತೆ. ಆ ಅನಿಲ ವಾರಗಟ್ಟಲೆ ಗಾಳಿಯಲ್ಲಿ ಉಳಿಯುತ್ತದೆ, ಅದನ್ನು ಅಳೆಯುವ ಅವಕೆಂಪು ಬೆಳಕಿಗೆ ಹೊಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. 2023ರ ಮೇಯಿಂದ ಸೆಪ್ಟೆಂಬರ್‌ವರೆಗೆ ಕೆನಡಾ ಬೆಂಕಿಗಳಿಂದ ಹೊರಬಿದ್ದ ಇಂಗಾಲ ಸುಮಾರು 64.7 ಕೋಟಿ ಟನ್ ಎಂಬ ಅಂದಾಜು ಬಂದದ್ದು ಹೀಗೆಯೇ. ನಿಮ್ಮ ಲೆಕ್ಕಕ್ಕಿಂತ ಉಪಗ್ರಹದ ಮೊನಾಕ್ಸೈಡ್ ಒಂದೂವರೆ ಪಟ್ಟು ಬಂದರೆ ಮೊದಲು ಹೊಗೆಯಾಡಿದ ಪಾಲನ್ನು ತಿದ್ದಿ ನೋಡಿ, ಜಾಗವನ್ನಲ್ಲ.

ಕೆನಡಾದ ಈ ಅಂಕಿಗಳನ್ನು 2019ರ ಫೆಬ್ರುವರಿಯಲ್ಲಿ ಹೊತ್ತಿದ ಬಂಡೀಪುರಕ್ಕೆ ಹಚ್ಚಿದರೆ ಲೆಕ್ಕ ಹಲವು ಪಟ್ಟು ಉಬ್ಬುತ್ತದೆ. ಅದು ಎಲೆ ಉದುರುವ ಒಣ ಕಾಡು. ಅಲ್ಲಿ ಸುಡುವುದು ಹೆಚ್ಚಾಗಿ ತರಗೆಲೆ, ಒಣ ಹುಲ್ಲು ಮತ್ತು ಲಂಟಾನದ ಪೊದೆ, ದಪ್ಪ ಪಾಚಿಹಾಸು ಇಲ್ಲ. ಅಲ್ಲಿಗೆ ನಂಬಬಹುದಾದ ಉರುವಲಿನ ಅಂಕಿ ಬೇಕಿದ್ದರೆ ಬೆಂಕಿಯ ಕಾಲಕ್ಕೆ ಮುಂಚೆ ಕಾಡಿಗೆ ಹೋಗಿ ಒಂದು ಮೀಟರ್ ಚೌಕಗಳಲ್ಲಿ ನೆಲದ ಮೇಲಿರುವುದನ್ನೆಲ್ಲ ಆಯ್ದು, ಓವನ್‌ನಲ್ಲಿ ಒಣಗಿಸಿ ತೂಗಬೇಕು. ಲಂಟಾನದ ಮೆಳೆಗೂ ಬಿದ್ದ ಕೊರಡಿಗೂ ಬೇರೆ ಬೇರೆ ಅಳತೆ. ಚದರ ಮೀಟರಿನ ಗ್ರಾಂಗಳನ್ನು 100ರಿಂದ ಭಾಗಿಸಿದರೆ ಹೆಕ್ಟೇರಿನ ಟನ್ ಸಿಗುತ್ತದೆ.