ಸಂದಿಯ ಕಡೆಗಿದ್ದ ಬಾಗಿಲು

“ಅಂಥಾ ಬಾಗಿಲಾ ಇಲ್ಲಿ ಇದ್ದಿದ್ದ ಇಲ್ಲರಿ ಅಮ್ಮಾರ.”

ಸೋಮವಾರದಿಂದ ಈ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ. ರೊಟ್ಟಿ ಬಡಿಯುವಾಗಲೂ ಅದೇ, ರಾತ್ರಿ ದೀಪ ಆರಿಸಿದ ಮೇಲೂ ಅದೇ. ಹೇಳಿದ ಹುಡುಗ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟಡ ಕೆಡವುವವರ ಕಡೆಯ ಸೂಪರ್‌ವೈಸರ್, ಇನ್ನೂ ಮದುವೆಯಾಗಿರಲಿಕ್ಕಿಲ್ಲ. ನಮ್ಮ ಕಾಕು ಬಿಸಿಲಲ್ಲಿ ನಿಂತದ್ದನ್ನು ನೋಡಿ ತಾನೇ ಓಡಿಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ನೀರು ಬೇಕೇನು ಅಂತ ಕೇಳಿದ. ಈಗಿನ ಕಾಲದಲ್ಲಿ ಇಷ್ಟು ಮಾಡುವವರು ಎಷ್ಟು ಮಂದಿ? ಅಂಥ ಹುಡುಗನ ಬಾಯಿಂದ ಈ ಮಾತು ಬಂತಲ್ಲ, ಅದಕ್ಕೇ ನನಗೆ ಸಂಕಟ.

ನಾವು ದುರ್ಗದ ಬೈಲಿಗೆ ಹೋಗಿದ್ದು ಸೀರೆಗೆ ಫಾಲ್ ಹಚ್ಚಲು ಕೊಡುವುದಕ್ಕೆ. ಟಾಕೀಸು ಕೆಡವುತ್ತಿದ್ದಾರೆ ಅಂತ ಟೇಲರ್ ಅಂಗಡಿಯಲ್ಲೇ ಗೊತ್ತಾಯಿತು. ಕಾಕು ಚೀಲ ಹೆಗಲಿಗೇರಿಸಿ “ಒಮ್ಮೆ ನೋಡಿ ಹೋಗೂಣು ನಡಿ” ಅಂದಳು. ಮೊಳಕಾಲು ನೋವಿನಾಕೆ, ಆಟೋನೂ ಬೇಡ ಅಂದಳು. ಟಾಕೀಸಿನ ಹೆಸರು ಬರೆಯುವುದಿಲ್ಲ. ಹುಬ್ಬಳ್ಳಿಯವರಿಗೆ ಅಂದಾಜು ಹತ್ತೀತು, ಬೇರೆ ಊರಿನವರು ತಮ್ಮೂರಿನದನ್ನೇ ನೆನಸಿಕೊಳ್ಳಲಿ.

ಎದುರಿನ ಗೋಡೆ ಇನ್ನೂ ನಿಂತಿತ್ತು. ಮೇಲೆ ಗಾರೆಯ ಕಮಲ, ಅದರ ಕೆಳಗೆ ಅರ್ಧಚಂದ್ರದ ಬಾಲ್ಕನಿ, ಬಾಲ್ಕನಿಗೆ ಹತ್ತುವ ಮೊಸಾಯಿಕ್ ಮೆಟ್ಟಿಲು. ಹಿಂದೆ ನೋಡಿದರೆ ಬರೀ ಆಕಾಶ. ಪರದೆ ಇದ್ದ ಕಡೆ ಜೆಸಿಬಿ ನಿಂತಿತ್ತು. ಖುರ್ಚಿಗಳ ಕಬ್ಬಿಣದ ಕಾಲುಗಳನ್ನು ಗುಜರಿಯವರು ತೂಕಕ್ಕೆ ಹಾಕುತ್ತಿದ್ದರು. ಸುತ್ತ ಒಂದಿಷ್ಟು ಗಂಡಸರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ, ಇಲ್ಲಿ ಎಷ್ಟು ದಿನ ಯಾವ ಚಿತ್ರ ಓಡಿತು, ಬ್ಲ್ಯಾಕಿನಲ್ಲಿ ಟಿಕೆಟ್ ಎಷ್ಟಕ್ಕೆ ತಗೊಂಡೆವು, ಗಾಂಧಿ ಕ್ಲಾಸಿನಲ್ಲಿ ಕೂತು ಹೆಂಗ ಸೀಟಿ ಹೊಡೆದೆವು ಅಂತ ಹೇಳಿಕೊಳ್ಳುತ್ತಿದ್ದರು. ಒಬ್ಬಾತನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ.

ಕಾಕು ಅವರ ಮಾತೆಲ್ಲ ಕೇಳಿಸಿಕೊಂಡು, ಆ ಹುಡುಗನಿಗೆ ಕೇಳಿದಳು: “ಎಲ್ಲಾ ಖರೆ ತಮ್ಮಾ, ಹೆಣ್ಮಕ್ಕಳ ಬಾಗಿಲಾ ಎಲ್ಲಿ ಹೋತು?”

ಹುಡುಗ ನಕ್ಷೆ ಬಿಚ್ಚಿ, ಖರೇನ ಹುಡುಕಿದ. ಬೆರಳಿಟ್ಟು ಗೋಡೆ ಗೋಡೆ ನೋಡಿದ. ಆಮೇಲೆ ಅಂದ: “ಅಂಥಾ ಬಾಗಿಲಾ ಇಲ್ಲಿ ಇದ್ದಿದ್ದ ಇಲ್ಲರಿ ಅಮ್ಮಾರ. ಮುಂದ ಒಂದ ಬಾಗಿಲಾ, ಆಜೂಬಾಜೂ ಹೊರಗ ಹೋಗೂವು ಎರಡು.”

“ಇದ್ದಿದ್ದಿಲ್ಲಂದ್ರ ನಾ ಒಳಗ ಹೆಂಗ ಹೋಗತಿದ್ದೆ?”

“ಮುಂದಿನ ಬಾಗಿಲಾದಾಗ ಹೋಗಿರ್ತೀರಿ. ಮರತೀರಿ.”

ಅವನು ನಕ್ಕದ್ದು ಪ್ರೀತಿಯಿಂದಲೇ. ಕಾಕು ನಗಲಿಲ್ಲ. ಕುರ್ಚಿಯಿಂದ ಎದ್ದು, ಕಟ್ಟಡದ ಬಲಕ್ಕಿರುವ ಸಂದಿಯೊಳಗೆ ನಡೆದಳು. ಗಟಾರ, ನಿಲ್ಲಿಸಿದ ಸ್ಕೂಟರುಗಳು, ಮೇಲೆ ಕರೆಂಟಿನ ವಾಯರು. ನಾನು ಹಿಂದೆ, ನನ್ನ ಹಿಂದೆ ಆ ಹುಡುಗ. ಗೋಡೆ ಪೂರ್ತಿ ಹಳೆಯ ಕೆಂಪು ಇಟ್ಟಂಗಿ, ನಡುವೆ ಒಂದು ಬಾಗಿಲಿನಷ್ಟು ಜಾಗದಲ್ಲಿ ಮಾತ್ರ ಸಿಮೆಂಟ್ ಬ್ಲಾಕು. ಅದರ ಪಕ್ಕದಲ್ಲಿ, ನಮ್ಮ ಎದೆಯೆತ್ತರಕ್ಕೆ, ಮುಷ್ಟಿ ಹೋಗುವಷ್ಟೇ ಒಂದು ಕಿಂಡಿ. ಅದಕ್ಕೂ ಸಿಮೆಂಟ್ ತುಂಬಿದ್ದರು, ಆದರೆ ಕಲ್ಲಿನ ಚೌಕಟ್ಟು ಹಾಗೇ ಇತ್ತು.

“ಇಲ್ಲಿ ಕೈ ಹಾಕಿದ್ರ ಬಳಿ ಸಿಗಬೀಳತಿದ್ವು,” ಅಂದಳು ಕಾಕು. “ರೊಕ್ಕ ಮುಷ್ಟ್ಯಾಗ ಹಿಡದು ಹಾಕಬೇಕು, ಟಿಕೇಟ ಹಿಡದ ಕೈ ಹೊರಗ ತಗೀಬೇಕು. ಹಿಂದಿನಾಕಿ ದೂಡಿದ್ಲಂದ್ರ ಫಟ್. ಕೆಳಗ ಬರೇ ಬಳಿ ಚೂರು ಬಿದ್ದಿರತಿದ್ವು.”

ಹುಡುಗ ಸಿಮೆಂಟ್ ಬ್ಲಾಕುಗಳ ಮೇಲೆ ಕೈಯಾಡಿಸಿದ. ನಕ್ಷೆ ನೋಡಿದ, ಮತ್ತೆ ಗೋಡೆ ನೋಡಿದ. ಅವನ ಕೈಯಲ್ಲಿದ್ದದ್ದು ರಿಪೇರಿಯಾದ ಮೇಲೆ ಮಾಡಿಸಿದ ನಕ್ಷೆ ಇರಬೇಕು. ಅದರಲ್ಲಿ ಈ ಬಾಗಿಲು ಬರೆದಿಲ್ಲ. ಬರೆದಿಲ್ಲದ್ದು ಇರಲಿಲ್ಲ ಅಂತ ಅವನ ಲೆಕ್ಕ, ಅವನ ಕಲಿಕೆಯೇ ಅಂಥದ್ದು. ನನಗೆ ಚುಚ್ಚಿದ್ದು “ಇದ್ದಿದ್ದ ಇಲ್ಲ” ಅನ್ನುವುದಕ್ಕಿಂತ “ಮರತೀರಿ” ಅನ್ನುವುದು. ಆ ಗಂಡಸರು ಬ್ಲ್ಯಾಕ್ ಟಿಕೆಟ್ಟಿನ ರೇಟು ಹೇಳಿದಾಗ ಯಾರೂ ಅವರಿಗೆ ಮರೆತಿದ್ದೀರಿ ಅನ್ನಲಿಲ್ಲ.

ಆಮೇಲೆ ಸಂದಿಯಲ್ಲೇ ನಿಂತು ಕಾಕು ಹೇಳಿದ್ದನ್ನೆಲ್ಲ ಬರೆಯಬೇಕು. ಅವಳು ಮದುವೆಯಾಗಿ ದಾಜಿಬಾನ ಪೇಟೆಯ ಮನೆಗೆ ಬಂದಾಗ ನಮ್ಮ ಅಜ್ಜಿಯದೇ ರಾಜ್ಯ. ಸೊಸೆಯಂದಿರು ಸುಮ್ಮನೆ ಹೊರಗೆ ಹೋಗುವ ಹಾಗಿಲ್ಲ. ಗುಡಿ, ತವರು, ದವಾಖಾನೆ, ಇಷ್ಟೇ. ಆದರೆ ಸಿನಿಮಾದ ಹೆಸರಿನಲ್ಲಿ ದೇವರೋ ಸತಿಯೋ ಇದ್ದರೆ ಅಜ್ಜಿ ತಾನೇ ರೊಕ್ಕ ತೆಗೆದುಕೊಡುತ್ತಿದ್ದಳು. ಯೋಚಿಸಿದರೆ ಈ ಪರವಾನಗಿ ಸಿನಿಮಾದಷ್ಟೇ ಹಳೆಯದು. ಕನ್ನಡದ ಮೊದಲ ವಾಕ್ಚಿತ್ರ, 1934ರದ್ದು, ಕೊಲ್ಹಾಪುರದಲ್ಲಿ ತೆಗೆದದ್ದು, ಅದೂ ‘ಸತಿ ಸುಲೋಚನಾ’. ಸತಿಯ ಬೆನ್ನು ಹಿಡಿದೇ ನಮ್ಮ ಹೆಣ್ಣುಮಕ್ಕಳು ಟಾಕೀಸಿನ ಹೊಸ್ತಿಲು ದಾಟಿದರು.

ಅವರದು ಮ್ಯಾಟಿನಿ. ಅಡಿಗೆ ಮುಗಿದು, ಗಂಡಸರು ಉಂಡು ಅಂಗಡಿಗೋ ರೈಲ್ವೆ ಕಾರಖಾನೆಗೋ ಹೋದ ಮೇಲಿನ ಹೊತ್ತು. ಓಣಿಯ ಏಳೆಂಟು ಹೆಂಗಸರು, ಕಂಕುಳಲ್ಲಿ ಕೂಸುಗಳು, ಡಬ್ಬಿಯಲ್ಲಿ ಚೂಡಾ. ಹೆಣ್ಣುಮಕ್ಕಳ ಕ್ಲಾಸಿಗೆ ಸುತ್ತಲೂ ಪರದೆ ಇತ್ತಂತೆ. ದೀಪ ಆರಿದ ಮೇಲೆ ಸರಿಸುವುದು, ಇಂಟರ್‌ವಲ್ಲಿಗೆ ದೀಪ ಹತ್ತುವ ಮೊದಲು ಎಳೆಯುವುದು. ಆ ಪರದೆಯನ್ನು ನಾನು ಹಾಡಿ ಹೊಗಳುವವಳಲ್ಲ. ಹೆಣ್ಣುಮಕ್ಕಳನ್ನು ಮರೆಯಲ್ಲಿಡುವುದಕ್ಕೇ ಅದನ್ನು ಕಟ್ಟಿದ್ದು. ಆದರೆ ಕಾಕು ಬೇರೆಯೇ ಹೇಳಿದಳು: “ಪರದಾ ಎಳದ್ರಂದ್ರ ನಾವು ಸೆರಗ ತಗದು ಕುಂದರತಿದ್ವಿ. ಕಾಲ ಚಾಚತಿದ್ವಿ. ಮನ್ಯಾಗ ಅತ್ತಿ ಮುಂದ ಕಾಲ ಚಾಚಾಕ ಬರತಿತ್ತೇನ?”

1975ರಲ್ಲಿ ‘ಜೈ ಸಂತೋಷಿ ಮಾ’ ಬಂದಾಗ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದದ್ದು, ಪರದೆಯ ಮೇಲೆ ಹೂವು, ಚಿಲ್ಲರೆ ಎಸೆದದ್ದು ಇಡೀ ದೇಶದಲ್ಲಿ ನಡೆದ ಸಂಗತಿ. ನಮ್ಮಲ್ಲಿ ಕುಂದಗೋಳ, ನವಲಗುಂದದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದವರಿದ್ದರು ಅಂತಾಳೆ ಕಾಕು. ಆದರೆ ಅವಳಿಗೆ ದೇವರಿಗಿಂತ ಹೆಚ್ಚು ನೆನಪಿರುವುದು ಪಕ್ಕದಲ್ಲಿ ಕೂತ ಗೊತ್ತಿಲ್ಲದ ಹೆಂಗಸು. ಕತ್ತಲಲ್ಲಿ ಆಕೆ ತನ್ನ ಗಂಡನ ಕುಡಿತ, ಸತ್ತ ಕೂಸು ಎಲ್ಲ ಹೇಳಿಕೊಂಡು ಅತ್ತಳಂತೆ. ಹೆಸರು ಕೇಳಲಿಲ್ಲ. ಮತ್ತೆ ಭೇಟಿಯಾಗಲೂ ಇಲ್ಲ. “ಆಕಿ ಯಾವ ಸೀನಿಗೆ ಅಳಾಕತ್ಯಾಳು ಅಂತ ಯಾರಿಗೂ ಗೊತ್ತಾಗಲಿಲ್ಲ ನೋಡು,” ಅಂದಳು.

ಇನ್ನೊಂದು ಸಂಗತಿ ಕೇಳಿ ನಾನು ದಂಗಾದೆ. ಎಷ್ಟೋ ಚಿತ್ರಗಳ ಕೊನೆಯನ್ನು ಕಾಕು ನೋಡಿಯೇ ಇಲ್ಲ. ಗಂಡಸರ ಗದ್ದಲಕ್ಕೆ ಸಿಗಬಾರದು ಅಂತ ಸಂದಿಯ ಬಾಗಿಲನ್ನು ಮುಗಿಯುವ ಮೊದಲೇ ತೆಗೆಯುತ್ತಿದ್ದರು. ಮನೆಯಲ್ಲಿ ನಳ ಬಂದಿರುತ್ತದೆ, ಚಹಾದ ಹೊತ್ತು. ಹುಬ್ಬಳ್ಳಿಯಲ್ಲಿ ನಳ ತಪ್ಪಿದರೆ ಮತ್ತೆ ಎಂದೋ. ಹೀಗಾಗಿ ಎದ್ದು ಓಡುವುದೇ. ಕೊನೆ ಏನಾಯಿತು ಅಂತ ಕಾಕಾನ ಹತ್ತಿರ ಕೇಳುತ್ತಿದ್ದಳು. ಕಾಕಾ ಸೆಕೆಂಡ್ ಶೋ ನೋಡಿ ಬಂದು ಹೇಳುತ್ತಿದ್ದ.

1913ರಲ್ಲಿ ದಾದಾಸಾಹೇಬ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗಲಿಲ್ಲ, ಸಾಳುಂಕೆ ಎಂಬ ಗಂಡಸು ಸೀರೆ ಉಟ್ಟ. ಅದೇ ವರ್ಷ ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ ಹುಟ್ಟಿದರು. ಹಾಡುವ ಹೆಣ್ಣು ಅಂತ ಬೀದಿಯಲ್ಲಿ ಅವರನ್ನು ಹೀಯಾಳಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ನಲ್ಲಿ ಹಾಡಿ ದೇಶಕ್ಕೇ ಹೆಸರಾದರು. ವಿಜಯಪುರದ ಅಮೀರ ಟಾಕೀಸು ಆಕೆಯ ಹೆಸರು ಹೊತ್ತದ್ದು. ಹಾಡಿದವರ, ನಟಿಸಿದವರ ಹೆಸರಾದರೂ ಉಳಿಯಿತು. ನೋಡಲು ಹೋದದ್ದೂ ಆ ಕಾಲದ ಹೆಂಗಸರಿಗೆ ಸಣ್ಣ ಮಾತಲ್ಲ, ಅದನ್ನು ಯಾರೂ ಬರೆದಿಡಲಿಲ್ಲ.

ಟಾಕೀಸು ಯಾಕೆ ಮುಳುಗಿತು ಅಂತ ಅಲ್ಲಿ ನೆರೆದವರು ಮಾತಾಡುತ್ತಿದ್ದರಲ್ಲ, ಎಲ್ಲರೂ ಮೊಬೈಲು, ಮಾಲು ಅಂದರು. ಖರೆ, ಅವೂ ಇವೆ. ಹಿಂದೆ ಪ್ರಿಂಟು ದೊಡ್ಡ ಊರು ಮುಗಿಸಿ ನಮ್ಮೂರಿಗೆ ಬರುತ್ತಿತ್ತು, ಬಂದರೆ ವಾರಗಟ್ಟಲೆ ಕೂಡುತ್ತಿತ್ತು. ಡಬ್ಬಿಯ ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಒಂದೇ ಶುಕ್ರವಾರ ಎಲ್ಲ ಕಡೆ ಬಿಡುಗಡೆ. ನೋಡುವವರು ಮೊದಲ ವಾರದಲ್ಲೇ ನೋಡಿಬಿಡುತ್ತಾರೆ, ಆಮೇಲೆ ನೂರಾರು ಖುರ್ಚಿ ಖಾಲಿ. 2020ರ ಮಾರ್ಚಿನಲ್ಲಿ ಹಾಕಿದ ಬೀಗವನ್ನು ಎಷ್ಟೋ ಟಾಕೀಸುಗಳು ಮತ್ತೆ ತೆಗೆಯಲೇ ಇಲ್ಲ. ಟಿಕೆಟ್ಟಿನಿಂದ ಬರುವ ರೊಕ್ಕಕ್ಕೂ ಆ ಜಾಗದ ಬೆಲೆಗೂ ತಾಳಮೇಳವೇ ಇಲ್ಲ, ಮಾಲೀಕರನ್ನು ಬೈದೇನು ಫಲ?

ಆದರೆ ನನ್ನ ಅಭಿಪ್ರಾಯ ಬೇರೆ. ಈ ಕಟ್ಟಡದ ಪತನ ಶುರುವಾದದ್ದು ಆ ಸಿಮೆಂಟ್ ಬ್ಲಾಕು ಇಟ್ಟ ದಿನ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಬಂತು. ಯಾವ ದೇವರ ಹೆಸರು ಹೇಳಿ ಹೆಂಗಸರು ಹೊರಗೆ ಹೋಗುತ್ತಿದ್ದರೋ ಆ ದೇವರೇ ರವಿವಾರ ಮುಂಜಾನೆ ಮನೆಯೊಳಗೆ ಬಂದು ಕೂತ. ಇನ್ನು ಹೋಗುವುದಕ್ಕೆ ನೆಪ ಎಲ್ಲಿಯದು? ಮ್ಯಾಟಿನಿಗೆ ಹೆಂಗಸರು ಕಡಿಮೆಯಾದರು. ಅವರಿಗೊಂದು ಕಿಂಡಿ, ಒಬ್ಬ ಗೇಟ್‌ಕೀಪರ್ ಯಾಕೆ ಅಂತ ಬಾಗಿಲು ಮುಚ್ಚಿದರು. ಖಾಲಿ ಖುರ್ಚಿ ತುಂಬಲು ಮುಂಜಾನೆಯ ಆಟಕ್ಕೆ ಎಂಥೆಂಥವೋ ಚಿತ್ರ ಹಾಕಿದರು. ನಾನು ಕಾಲೇಜಿಗೆ ಹೋಗುವಾಗ ಆ ಪೋಸ್ಟರುಗಳಿಗೆ ಹೆದರಿ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ಸಂಡಾಸಿನ ನಾತ ಟಿಕೆಟ್ ಕಿಂಡಿಯವರೆಗೆ ಬರುತ್ತಿತ್ತು. ಹೆಂಗಸರು ಬರಲಾಗದ ಜಾಗಕ್ಕೆ ಸಂಸಾರಸ್ಥರು ಬರುವುದಿಲ್ಲ, ಸಂಸಾರಸ್ಥರು ಬಾರದ ಟಾಕೀಸು ಎಷ್ಟು ದಿನ ನಡೆದೀತು?

ಮುಂಬಯಿಯ ಈರಾಸ್ ಟಾಕೀಸು 1938ರದ್ದು. ಸುತ್ತಲಿನ ಆರ್ಟ್ ಡೆಕೊ ಕಟ್ಟಡಗಳ ಜೊತೆ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವರ್ಷಗಟ್ಟಲೆ ಮುಚ್ಚಿದ್ದು 2024ರಲ್ಲಿ ಹೊಸ ಪರದೆಯೊಂದಿಗೆ ಮತ್ತೆ ತೆರೆಯಿತು. ನನಗೆ ಖುಷಿಯೇ. ನಮ್ಮಲ್ಲೂ ಯಾರಾದರೂ ಮನಸ್ಸು ಮಾಡಿದ್ದರೆ ಆ ಕಮಲ, ಆ ಬಾಲ್ಕನಿ ಉಳಿಯುತ್ತಿತ್ತೇನೋ. ಆದರೆ ಹಾಗೆ ಉಳಿಸುವಾಗಲೂ ಉಳಿಯುವುದು ರಸ್ತೆಗೆ ಕಾಣುವ ಮುಖ. ಸಂದಿಯ ಗೋಡೆಯನ್ನು ಯಾರು ನೋಡುತ್ತಾರೆ?

ಮನೆಗೆ ಬರುವಾಗ ಬಸ್ಸಿನಲ್ಲಿ ಇನ್ನೊಂದು ಯೋಚನೆ ಹತ್ತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಕಾಕು ಯಾರನ್ನೂ ರೊಕ್ಕ ಕೇಳದೆ ಸವದತ್ತಿ ಎಲ್ಲಮ್ಮನಿಗೆ ಹೋಗಿಬರುತ್ತಾಳೆ, ಗದಗದ ಮಗಳ ಮನೆಗೆ ಹೋಗುತ್ತಾಳೆ. ಇದು ದೊಡ್ಡದು, ಇದನ್ನು ಹಗುರ ಮಾಡುವವರ ಜೊತೆ ನಾನು ಜಗಳವನ್ನೇ ಮಾಡಿದ್ದೇನೆ. ಆದರೆ ಇಳಿದ ಮೇಲೆ ಕೂಡುವುದು ಎಲ್ಲಿ? ಗುಡಿಯಲ್ಲಿ ಎಷ್ಟು ಹೊತ್ತು ಕೂತಾರು? ಗಾರ್ಡನ್ನಿನ ಬೆಂಚು ಗಂಡಸರದು, ಚಹಾದಂಗಡಿ ಗಂಡಸರದು. ಗೋಕುಲ ರೋಡಿನ ಮಾಲಿಗೆ ನನ್ನ ಮಗಳು ಗೆಳತಿಯರ ಜೊತೆ ಆರಾಮ ಹೋಗುತ್ತಾಳೆ. ಒಮ್ಮೆ ಕಾಕೂನನ್ನೂ ಕರೆದೊಯ್ದಳು. ಸಿನಿಮಾ ಚಲೋ ಇತ್ತು, ಖುರ್ಚಿ ಮೆತ್ತಗಿತ್ತು, ಆದರೆ ಓಡುವ ಮೆಟ್ಟಿಲಿಗೆ ಹೆದರಿ ಕಾಕು ಮತ್ತೆ ಬರಲ್ಲ ಅಂದಳು. ಚೂಡಾದ ಡಬ್ಬಿಯನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡರಂತೆ, ಅದನ್ನು ಇಂದಿಗೂ ಹೇಳುತ್ತಾಳೆ.

ಆ ಜಾಗದಲ್ಲಿ ಅಂಗಡಿಗಳ ಕಾಂಪ್ಲೆಕ್ಸು ಬರುತ್ತದಂತೆ. ಹೊರಡುವ ಮುಂದೆ ಕಾಕು ಆ ಹುಡುಗನಿಗೆ, “ಹೆಣ್ಮಕ್ಕಳಿಗೆ ಕುಂದರಾಕ ಒಂದ ಕಟ್ಟಿ, ಒಂದ ಸಂಡಾಸ ಇಡಾಕ ಹೇಳಪಾ ನಿಮ್ಮ ಸಾಹೇಬ್ರಿಗೆ,” ಅಂದಳು. ಅವನು ಆಯ್ತು ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ. ಆದರೆ ಸಂದಿಯ ಕಿಂಡಿಯ ಫೋಟೋ ಒಂದು ತೆಗೆದುಕೊಂಡ. ನಾನೂ ತೆಗೆದೆ.

ಈಗ ನನ್ನ ಕೋರಿಕೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ರಾಣೇಬೆನ್ನೂರು, ಎಲ್ಲಿಯದೇ ಇರಲಿ, ಹಳೆಯ ಟಾಕೀಸಿನ ಹೆಣ್ಣುಮಕ್ಕಳ ಬಾಗಿಲು ನೆನಪಿರುವವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ಬರೆದುಕೊಳ್ಳಿ. ಯಾವ ಬದಿಗಿತ್ತು, ಯಾರು ಜೊತೆಗೆ ಬರುತ್ತಿದ್ದರು, ಡಬ್ಬಿಯಲ್ಲಿ ಏನು ಒಯ್ಯುತ್ತಿದ್ದರು, ಮನೆಯಲ್ಲಿ ಏನು ಹೇಳಿ ಹೊರಡುತ್ತಿದ್ದರು. ಗೋಡೆ ಇನ್ನೂ ನಿಂತಿದ್ದರೆ ಫೋಟೋ ತೆಗೆದು ನನಗೆ ಕಳಿಸಿ. ಕಾಕೂಗೆ ಒಂದೊಂದಾಗಿ ತೋರಿಸುತ್ತೇನೆ.