ಕಂದಕದ ಆಚೆ ಹುಲಿ, ಈಚೆ ಹುಲಿ

ನನ್ನ ತವರು ಸರಗೂರು ತಾಲ್ಲೂಕಿನ ಕಾಡಂಚಿನ ಊರು. ಈಗ ಇರುವುದು ಮೈಸೂರಿನಲ್ಲಿ. ಹಾಗಾಗಿ ಕಬಿನಿ ಸಫಾರಿಗೆ ಹೊರಟ ನೆಂಟರೆಲ್ಲ ನಮ್ಮ ಮನೆಯಲ್ಲಿ ಉಳಿದುಕೊಂಡೇ ಹೋಗುತ್ತಾರೆ. ವಾಪಸ್ ಬಂದಾಗ ಮಾತು ಒಂದೇ, ಹುಲಿ ಕಂಡಿತೋ ಇಲ್ಲವೋ. ಕಾಣದಿದ್ದರೆ ದುಡ್ಡು ದಂಡ! ಬೇಸಿಗೆಯಲ್ಲಿ ಹಿನ್ನೀರಿನ ಹುಲ್ಲಿಗೆ ಇಳಿಯುವ ಆನೆ ಹಿಂಡು, ಕಾಟಿ, ಸೀಳುನಾಯಿ ಯಾವುದೂ ಲೆಕ್ಕಕ್ಕಿಲ್ಲ.

ನಾನೂ ದಮ್ಮನಕಟ್ಟೆಯಿಂದ ಸಫಾರಿಗೆ ಹೋಗಿದ್ದೇನೆ. ಮುಸುವ (ಕಪ್ಪು ಮುಖದ ಕೋತಿ) ಕೂಗಿತು, ಹಿಂದೆಯೇ ಜಿಂಕೆ. ಹುಲಿ ಹತ್ತಿರದಲ್ಲಿರಬಹುದು ಎಂಬ ಎಚ್ಚರಿಕೆಯ ಕೂಗು ಅದು. ಡ್ರೈವರ್ ಇಂಜಿನ್ ಆಫ್ ಮಾಡಿದ. ಅಷ್ಟು ಹೊತ್ತು ಜೀಪಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕಾಡಿಗೆ ಕಿವಿ ಕೊಟ್ಟಿದ್ದರು. ಸಫಾರಿಯಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಅದೇ ಕೂಗು ರಾತ್ರಿ ನನ್ನ ತಮ್ಮನಿಗೂ ಕೇಳಿಸುತ್ತದೆ, ರಾಗಿ ಹೊಲದ ಅಟ್ಟಣೆಯ ಮೇಲೆ. ಅವನು ಕ್ಯಾಮೆರಾ ಹುಡುಕುವುದಿಲ್ಲ, ಕೊಟ್ಟಿಗೆಯಲ್ಲಿ ಹಸು ಇದೆಯಾ ಅಂತ ಮನೆಗೆ ಫೋನ್ ಮಾಡುತ್ತಾನೆ. "ನೋಡೋಕೆ ದುಡ್ಡು ಬೇರೆ ಕೊಡ್ತಾರಾ? ನಂಗೆ ಕಾಣ್ದೇ ಇದ್ರೆ ಸಾಕಕ್ಕ" ಅನ್ನುತ್ತಾನೆ.

ನಮ್ಮ ಕಡೆ ಪ್ರಾಣಿ ನೋಡಲು ಜನ ಬರುವುದು ಹೊಸದೇನಲ್ಲ. ಕಾಕನಕೋಟೆಯಲ್ಲಿ ಆನೆಗಳನ್ನು ಖೆಡ್ಡಾಕ್ಕೆ, ಅಂದರೆ ಹಿಡಿಯಲು ಕಟ್ಟಿದ ಬೇಲಿಯೊಳಕ್ಕೆ, ಅಟ್ಟುವುದನ್ನು ನೋಡಲು ಮಹಾರಾಜರ ಅತಿಥಿಗಳು ಬರುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂದು ಅಲ್ಲಿನ ಕಾಡಿನ ತಗ್ಗೆಲ್ಲ ಮುಳುಗಿತು. ಮುಂದೆ ಆ ನೀರಿನ ಮೇಲೆ ಬೋಟ್ ಸಫಾರಿ ಶುರುವಾಯಿತು. ಆನೆಗೆ ಇದೇ ವಾಸಿ, ಕನಿಷ್ಠ ಬೋಟಿನವರು ಹಿಡಿದು ಪಳಗಿಸುವುದಿಲ್ಲವಲ್ಲ.

2025ರ ನವೆಂಬರ್‌ನಲ್ಲಿ ನಮ್ಮ ಸುತ್ತಮುತ್ತ ಹುಲಿ ದಾಳಿಗೆ ರೈತರು ಸತ್ತಾಗ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದರು. ಅಲ್ಲಿನ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕಿದರು. ಜೀಪಿನ ಗಲಾಟೆಗೇ ಹುಲಿ ಹೊರಗೆ ಬರುತ್ತಿದೆ ಎಂದು ಊರಿನ ಬಹಳ ಜನ ನಂಬುತ್ತಾರೆ. ನನಗೇನೋ ಅದು ಪೂರ್ತಿ ಒಪ್ಪಿಗೆಯಿಲ್ಲ. ವಯಸ್ಸಾದ ಹುಲಿ, ಜಾಗಕ್ಕಾಗಿ ಕಾದಾಡಿ ಸೋತ ಹುಲಿ ಅಂಚಿಗೆ ಬಂದೇ ಬರುತ್ತದೆ. ಆದರೆ ಆ ಸಿಟ್ಟು ಅರ್ಥವಾಗುತ್ತದೆ. ಸಫಾರಿಯವರಿಗೆ ದಿನಾ ಎರಡು ಹೊತ್ತು ತೆರೆಯುವ ಗೇಟು, ಸೌದೆ ತರಲು ಹೋದ ನಮ್ಮವರಿಗೆ ಮುಚ್ಚಿರುತ್ತದೆ, ಅಲ್ವಾ?

ಪಕ್ಕದ ಮನೆಯ ಹುಡುಗ ರೆಸಾರ್ಟೊಂದರಲ್ಲಿ ಜೀಪ್ ಓಡಿಸುತ್ತಾನೆ. ಸಫಾರಿ ನಿಲ್ಲಿಸಿ ಎಂದು ರಸ್ತೆಯಲ್ಲಿ ಕೂತವರಲ್ಲಿ ಅವನ ಅಪ್ಪನೂ ಇದ್ದ. ನಿಂತ ಮೇಲೆ ಮಗನಿಗೆ ಸಂಬಳ ಇಲ್ಲ. ಆ ತಿಂಗಳು ಅವರಮ್ಮ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಊಟ ಬಡಿಸುತ್ತಿದ್ದರಂತೆ.