ಹಕ್ಕಿಜ್ವರ ಮತ್ತು ಹತ್ತು ಡಾಲರ್ ಹಾಜರಿ ಬೋನಸ್

ಕಾಂಬೋಡಿಯಾದ ಫ್ನಾಮ್ ಪೆನ್ ಹೊರವಲಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾರ್ಮಿಕರ ಆರೋಗ್ಯ, ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಹಕ್ಕಿಜ್ವರ ಪೇಪರ್‌ನಲ್ಲಿ ಓದಿ ಮರೆಯುವ ಸುದ್ದಿಯಲ್ಲ. 2014ರ ನಂತರ ಈ ದೇಶದಲ್ಲಿ ಮನುಷ್ಯರಿಗೆ ಅದು ತಗುಲಿದ ವರದಿಯೇ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಪ್ರೇ ವೆಂಗ್ ಪ್ರಾಂತ್ಯದ 11 ವರ್ಷದ ಹುಡುಗಿ ಹಕ್ಕಿಜ್ವರದ ವೈರಸ್ ಎಚ್5ಎನ್1ನಿಂದ ತೀರಿಕೊಂಡಳು. ಆ ವರ್ಷ 6 ಜನಕ್ಕೆ, ಮರುವರ್ಷ 10 ಜನಕ್ಕೆ ಸೋಂಕು ಬಂತು. ನಮ್ಮ ಹೊಲಿಗೆ ಲೈನ್‌ಗಳಲ್ಲಿ ಪ್ರೇ ವೆಂಗ್ ಕಡೆಯವರೇ ಜಾಸ್ತಿ.

ಹೆಡ್ ಆಫೀಸಿನಿಂದ ಬಂದಿದ್ದು ಪೋಸ್ಟರ್. ಕೋಳಿ ಚಿತ್ರ, ಅದರ ಮೇಲೆ ಕೆಂಪು ಗೀಟು. ಕೋಳಿಯಿಂದ ದೂರ ಇರಿ ಅಂತ ಬರಹ. ಇಲ್ಲಿನ ಹಳ್ಳಿ ಮನೆಯನ್ನು ಒಮ್ಮೆ ನೋಡಿದವರು ಆ ಮಾತು ಬರೆಯುತ್ತಿರಲಿಲ್ಲ. ಮನೆ ಕಂಬಗಳ ಮೇಲೆ ನಿಂತಿರುತ್ತದೆ. ಕೆಳಗಿನ ನೆರಳಲ್ಲೇ ಜೋಲಿ ಕಟ್ಟಿ ಮಗು ಮಲಗಿಸುತ್ತಾರೆ, ಅಲ್ಲೇ ತರಕಾರಿ ಹೆಚ್ಚುತ್ತಾರೆ. ಕೋಳಿ, ಬಾತುಕೋಳಿಗಳೂ ಅಲ್ಲೇ ಓಡಾಡಿಕೊಂಡಿರುತ್ತವೆ. ದೂರ ಅಂದರೆ ಎಲ್ಲಿಗೆ ಹೋಗಬೇಕು? ಕೋಳಿ ಕಾಯಿಲೆ ಬಿದ್ದರೆ ಸಾಯುವ ಮೊದಲೇ ಕೊಯ್ದು ಸಾರು ಮಾಡುತ್ತಾರೆ. ಇದನ್ನು ತಿಳಿವಳಿಕೆ ಇಲ್ಲದ ಜನ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಸಾಕಿದ ಕೋಳಿ ಸುಮ್ನೆ ಮಣ್ಣುಪಾಲು ಮಾಡುವಷ್ಟು ಅನುಕೂಲ ಎಷ್ಟು ಮನೆಗಳಲ್ಲಿದೆ?

ಅಪಾಯ ಹೆಚ್ಚಾಗಿ ಇರುವುದು ತಟ್ಟೆಯಲ್ಲಲ್ಲ, ಕೈಯಲ್ಲಿ. ಕಾಯಿಲೆ ಕೋಳಿಯನ್ನು ಹಿಡಿಯುವಾಗ, ಕೊಯ್ಯುವಾಗ, ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳುವಾಗ, ಕರುಳು ತೆಗೆಯುವಾಗ ವೈರಸ್ ಕೈಗೆ ಅಂಟುತ್ತದೆ. ಅದೇ ಕೈ ಕಣ್ಣಿಗೆ, ಮೂಗಿಗೆ ಹೋಗುತ್ತದೆ. ಚೆನ್ನಾಗಿ ಬೆಂದ ಮಾಂಸದಲ್ಲಿ ವೈರಸ್ ಉಳಿಯುವುದಿಲ್ಲ, ಒಳಗಿನ ತನಕ 74 ಡಿಗ್ರಿ ಬಿಸಿ ಮುಟ್ಟಿದರೆ ಸಾಕು.

ನಮ್ಮಲ್ಲಿ ನಿಜವಾದ ತೊಡಕು ಬೇರೆಯೇ ಇತ್ತು. ಏಪ್ರಿಲ್‌ನ ಖ್ಮೇರ್ ಹೊಸವರ್ಷಕ್ಕೆ ಎಲ್ಲರೂ ಊರಿಗೆ ಹೋಗುತ್ತಾರೆ. ವಾಪಸ್ ಬಂದ ವಾರದಲ್ಲಿ ಲೈನ್‌ನಲ್ಲಿ ಕೆಮ್ಮು ಕೇಳುತ್ತದೆ. ಆದರೆ ಫ್ಯಾಕ್ಟರಿ ಕ್ಲಿನಿಕ್ ಖಾಲಿ! ಒಬ್ಬಳು ಹುಡುಗಿ ಪ್ಯಾರಾಸಿಟಮಾಲ್ ನುಂಗಿ, ಮೈ ಸುಡುತ್ತಿದ್ದರೂ ಕಾಲರ್ ಹೊಲಿಯುತ್ತಾ ಕೂತಿದ್ದಳು. ಕೇಳಿದರೆ, "ಬಾಂಗ್, ರಜೆ ಹಾಕಿದರೆ ಹತ್ತು ಡಾಲರ್ ಹೋಗುತ್ತೆ" ಅಂದಳು. (ಬಾಂಗ್ ಅಂದರೆ ಖ್ಮೇರ್‌ನಲ್ಲಿ ಅಣ್ಣ, ಅಕ್ಕ.) ತಿಂಗಳ ಹಾಜರಿ ಬೋನಸ್ ಅದು. ಊರಲ್ಲಿ ಕೋಳಿ ಸತ್ತಿದ್ದವು ಅಂತ ಬಾಯಿಬಿಟ್ಟರೆ ಮನೆಗೆ ಕಳಿಸಿಬಿಡುತ್ತಾರೆ ಅನ್ನುವ ಭಯ ಬೇರೆ. ಅವಳದ್ದು ಸಾಧಾರಣ ಫ್ಲೂ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಆದರೂ ನನಗೆ ಸಮಾಧಾನ ಆಗಲಿಲ್ಲ.

ಮ್ಯಾನೇಜ್‌ಮೆಂಟ್ ಜೊತೆ ಸಾಕಷ್ಟು ಜಗ್ಗಾಡಿದ ಮೇಲೆ ಒಂದು ನಿಯಮ ಬಂತು. ಜ್ವರ ಅಂತ ಕ್ಲಿನಿಕ್‌ಗೆ ಬಂದವರ ಹಾಜರಿ ಬೋನಸ್ ಕಡಿತ ಆಗಬಾರದು. ನರ್ಸ್ ಖ್ಮೇರ್‌ನಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ, ಅಕ್ಕಪಕ್ಕದಲ್ಲಿ ಕೋಳಿ, ಬಾತುಕೋಳಿ ಸತ್ತಿವೆಯಾ? ನೀವು ಮುಟ್ಟಿದ್ದೀರಾ, ಕೊಯ್ದಿದ್ದೀರಾ? ಹೌದು ಅಂದರೆ ಕೂಡಲೇ ಮಾಸ್ಕ್ ಹಾಕಿಸಿ, ಆರೋಗ್ಯ ಇಲಾಖೆಯ 115ಕ್ಕೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇವೆ. ಪೋಸ್ಟರ್ ಇದ್ದಾಗ ಬಾರದವರು ಈಗ ತಾವಾಗಿಯೇ ಬರುತ್ತಿದ್ದಾರೆ. ಹತ್ತು ಡಾಲರ್ ಕಂಪನಿಗೆ ದೊಡ್ಡ ಲೆಕ್ಕವೇನಲ್ಲ, ಅಲ್ವಾ?

ನಮ್ಮ ಕಡೆಯಿಂದ ಬಂದ ಸೂಪರ್‌ವೈಸರ್‌ಗಳ ಪ್ರಶ್ನೆ ಇನ್ನೊಂದು. "ಸಾರ್, ಇಲ್ಲಿ ನಾಟಿ ಕೋಳಿ ತಿನ್ನಬಹುದಾ?" ಮಂಡ್ಯದ ಹುಡುಗರಿಗೆ ಕಣ್ಮುಂದೆ ಕೊಯ್ಸಿ ತಂದರೇ ತೃಪ್ತಿ. ತಿನ್ನಿ, ಆದರೆ ಜೀವಂತ ಕೋಳಿ ಮಾರುವ ಸಂತೆಗೆ ಹೋಗಬೇಡಿ, ಶುಚಿ ಮಾಡಿದ ಮಾಂಸ ತನ್ನಿ ಅಂತ ಹೇಳುತ್ತೇನೆ. ಅರಿಶಿನ ಹಾಕಿ ನಲ್ಲಿ ಕೆಳಗೆ ತೊಳೆಯುವ ಅಭ್ಯಾಸವನ್ನೂ ಬಿಡಿ. ನೀರು ಸಿಡಿದು ಸಿಂಕ್, ಚಾಕು, ಪಕ್ಕದ ಸೊಪ್ಪಿನ ಮೇಲೆಲ್ಲ ಬೀಳುತ್ತದೆ. ಅರ್ಧ ಬೆಂದ ಮೊಟ್ಟೆ ಬೇಡ. ಮಾಂಸ ಮುಟ್ಟಿದ ಕೈಗೆ ಸೋಪು ಬೇಕು. ನಮ್ಮ ಹಾಗೆ ತುಂಬಾ ಹೊತ್ತು ಕುದಿಸಿದ ಸಾರಿಗೆ ಯಾರೂ ಹೆದರಬೇಕಾಗಿಲ್ಲ. ಪ್ರತಿ ವರ್ಷದ ಫ್ಲೂ ಲಸಿಕೆ ಹಕ್ಕಿಜ್ವರ ತಡೆಯುವುದಿಲ್ಲ. ಆದರೆ ಎರಡೂ ವೈರಸ್ ಒಟ್ಟಿಗೆ ಒಂದೇ ಮೈಯಲ್ಲಿ ಸೇರುವ ಸಾಧ್ಯತೆ ಕಡಿಮೆ ಮಾಡುತ್ತದೆ, ಹಾಗಾಗಿ ಹಾಕಿಸಿಕೊಳ್ಳಿ ಅನ್ನುತ್ತೇನೆ.

ರಜೆಗೆ ಬೆಂಗಳೂರಿಗೆ ಹೊರಟವರಿಗೂ ಒಂದು ಮಾತು ತಪ್ಪದೆ ಹೇಳುತ್ತೇನೆ. ವಾಪಸ್ ಹೋಗಿ 10 ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಕಂಡರೆ, ಡಾಕ್ಟರ್ ಕೇಳುವ ತನಕ ಕಾಯಬೇಡಿ. ಯಾವ ದೇಶದಿಂದ ಬಂದಿದ್ದೀರಿ, ಕೋಳಿ ಹತ್ತಿರ ಹೋಗಿದ್ದಿರಾ ಅನ್ನುವುದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಅವರು ಡೆಂಗಿ ಪರೀಕ್ಷೆ ಬರೆದುಕೊಟ್ಟು ಕಳಿಸಬಹುದು. ಫ್ಲೂ ವೈರಸ್ ತಡೆಯುವ ಒಸೆಲ್ಟಮಿವಿರ್ ಮಾತ್ರೆ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. 2024ರಲ್ಲಿ ಕೋಲ್ಕತ್ತಾಗೆ ಬಂದು ಆಸ್ಟ್ರೇಲಿಯಾಗೆ ಮರಳಿದ ಪುಟ್ಟ ಮಗುವಿಗೆ ಎಚ್5ಎನ್1 ಇತ್ತು. ಕಾಯಿಲೆ ಬಿದ್ದ ಜನರ, ಪ್ರಾಣಿಗಳ ಹತ್ತಿರ ಮಗು ಹೋಗಿದ್ದು ಗೊತ್ತಿಲ್ಲ ಅಂತ ಮನೆಯವರು ಹೇಳಿದ್ದರು. ಐಸಿಯು ತನಕ ಹೋದ ಆ ಮಗು ಗುಣವಾಯಿತು.